ಮುಚ್ಚಿದ ಬಾಗಿಲಿನ ಆಚೆ: ಪ್ರೊ. ಪ್ಯೋ ಇನ್‌ಸುಕ್ ಅವರ ಮೂವತ್ತಾರು ಬೇಸಿಗೆಗಳು

ಹವಾಮಾನದ ಅತಿರೇಕಗಳು ಮನುಷ್ಯರ ಬಾಳನ್ನು ಹೇಗೆ ಅಲುಗಿಸುತ್ತವೆ ಎಂಬುದನ್ನು ಅಭ್ಯಾಸ ಮಾಡುವವರ ಸಂಖ್ಯೆ ನಮ್ಮ ದೇಶದಲ್ಲಿ ಇಂದು ಕಡಿಮೆಯೇನಿಲ್ಲ. ಚಂಡಮಾರುತದ ಬೆನ್ನು ಹತ್ತಿದವರಿದ್ದಾರೆ, ನೆರೆ ಇಳಿದ ಮೇಲೆ ಊರೂರು ಸುತ್ತಿದವರಿದ್ದಾರೆ, ಕಾಳ್ಗಿಚ್ಚಿನ ಬೂದಿಯಲ್ಲಿ ನಿಂತು ಬರೆದುಕೊಂಡವರಿದ್ದಾರೆ. ಆದರೆ ಸೂರು ಹಾರಿಸದೆ, ಗೋಡೆ ಬೀಳಿಸದೆ, ಸದ್ದಿಲ್ಲದೆ ಬಂದು ಮುಚ್ಚಿದ ಕೋಣೆಗಳಿಂದ ಒಬ್ಬೊಬ್ಬರನ್ನೇ ಕೊಂಡೊಯ್ಯುವ ಬೇಸಿಗೆಯ ಬೇಗೆಯನ್ನು ಮೂವತ್ತಾರು ವರ್ಷ ಬಿಡದೆ ಹಿಂಬಾಲಿಸಿದವರು ಯಾರೆಂದರೆ ಮೊದಲು ನಾಲಗೆಗೆ ಬರುವ ಹೆಸರು ಪ್ರೊ. ಪ್ಯೋ ಇನ್‌ಸುಕ್ ಅವರದು. ದೇಗು ನಗರದ ನಮ್ಮ ವಿಶ್ವವಿದ್ಯಾಲಯದಿಂದ ಈ ಆಗಸ್ಟ್ ತಿಂಗಳ ಕೊನೆಯ ದಿನ ಅವರು ನಿವೃತ್ತರಾಗುತ್ತಿದ್ದಾರೆ. ಬೇಸಿಗೆ ಮುಗಿಯುವ ಮೊದಲೇ ಮೇಡಂ ಅವರನ್ನು ಕಳಿಸಿಕೊಡುವ ಈ ನಿಯಮವನ್ನು ಮಾಡಿದವರು ಯಾರೋ, ಅವರಿಗೆ ಮೇಡಂ ಅವರ ಪರಿಚಯವಿರಲಿಲ್ಲ.

ಈ ಅಭಿನಂದನ ಗ್ರಂಥದ ಸಂಪಾದಕ ಸಮಿತಿಯವರು ನಮ್ಮಿಂದ ಅಪೇಕ್ಷಿಸಿದ್ದು ಅವರ ಸಾಧನೆಗಳ ಪರಿಚಯವನ್ನು. ಪ್ರಬಂಧಗಳ ಪಟ್ಟಿ, ಪುರಸ್ಕಾರಗಳ ಪಟ್ಟಿ ಗ್ರಂಥದ ಕೊನೆಯಲ್ಲಿ ಹೇಗೂ ಅಚ್ಚಾಗಿವೆ, ಬೇಕಾದವರು ನೋಡಿಕೊಳ್ಳಲಿ. ಅವರ ಕೈಕೆಳಗೆ ಕಲಿತ ನಾವು ಹೇಳಬಲ್ಲದ್ದು ಬೇರೊಂದು. ಮೇಡಂ ಅವರ ವಿದ್ವತ್ತಿನ ಬುಡದಲ್ಲಿ ಇದ್ದದ್ದು, ಇಂದಿಗೂ ಇರುವುದು, ಹೆದರಿಕೆ. ಬೇಸಿಗೆ ಕಾಲಿಡುವ ಜೂನ್ ತಿಂಗಳಲ್ಲಿ ಮೊದಲ ಜೀರುಂಡೆ ಕೂಗಿತೆಂದರೆ ಅವರ ಊಟ ಅರ್ಧವಾಗುತ್ತಿತ್ತು. ಪಾಠದ ನಡುವೆ ಫೋನು ಮಿಣುಕಿದರೆ ಮುಖ ಬಿಳಿಚಿಕೊಳ್ಳುತ್ತಿತ್ತು. ವಿದ್ಯಾರ್ಥಿಗಳು ಬೆನ್ನ ಹಿಂದೆ 'ಗಾಬರಿ ಮೇಡಂ' ಎಂದು ಕರೆಯುತ್ತಿದ್ದುದು ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಬೇಸರಿಸಿಕೊಳ್ಳಲಿಲ್ಲ. ನಮ್ಮ ಸಂಶೋಧನ ಪ್ರಬಂಧಗಳ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಅವರು ಬರೆಯುತ್ತಿದ್ದ ಟಿಪ್ಪಣಿಗಳಲ್ಲಿ ಒಂದು ಎಲ್ಲರಿಗೂ ಒಮ್ಮೆಯಾದರೂ ಸಿಕ್ಕಿದೆ: "ಈ ಸಂಖ್ಯೆ ಬರೆಯುವಾಗ ನಿನಗೆ ಭಯವಾಗಲಿಲ್ಲವೇ?"

ಅವರು ಸೇವೆಗೆ ಸೇರಿದ್ದು ೧೯೮೯ರಲ್ಲಿ. ಐದು ವರ್ಷಕ್ಕೆ, ನೂರಾರು ಜನರನ್ನು ಕೊಂದ ೧೯೯೪ರ ಆ ಬೇಸಿಗೆ ಬಂತು. ಮೂವತ್ತನಾಲ್ಕರ ಹರೆಯದ ಅಧ್ಯಾಪಕಿ ವಾರ್ಡು ಕಚೇರಿಯ ಮರಣ ದಾಖಲೆಗಳನ್ನು ತಿರುವಿ ಹಾಕುತ್ತ ಕುಳಿತಿದ್ದಾಗ, ಒಂದೇ ಓಣಿಯ ವಿಳಾಸ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಎಲ್ಲವೂ ಮೇಲಂತಸ್ತಿನ ಮೇಲೆ ಕಟ್ಟಿದ ತಾರಸಿ ಕೋಣೆಗಳು. ಮರುದಿನ ಅವರು ಆ ಮೆಟ್ಟಿಲುಗಳನ್ನೆಲ್ಲ ಹತ್ತಿ, ಬದುಕಿದ್ದವರ ಕೋಣೆಗಳಲ್ಲಿ ಒಂದೊಂದು ಉಷ್ಣಮಾಪಕ ತೂಗುಹಾಕಿ ಬಂದರು. "ಹೊರಗೆ ಎಷ್ಟು ಡಿಗ್ರಿ ಅಂತ ರೇಡಿಯೊ ಹೇಳುತ್ತೆ. ಒಳಗೆ ಎಷ್ಟಿತ್ತು ಅಂತ ಸತ್ತವರಿಗೆ ಮಾತ್ರ ಗೊತ್ತು," ಎಂದು ಅವರು ಮೊದಲ ತರಗತಿಯಲ್ಲಿ ಹೇಳುತ್ತಿದ್ದ ಮಾತು ಹುಟ್ಟಿದ್ದು ಆ ಮೆಟ್ಟಿಲುಗಳ ಮೇಲೆ.

ಅವರ ಹೆದರಿಕೆಯ ನೆರಳಲ್ಲಿ ನಾವು ತಂಪಾಗಿ ಬೆಳೆದೆವು ಎಂಬುದನ್ನೂ ಇಲ್ಲಿ ಕೃತಜ್ಞತೆಯಿಂದ ದಾಖಲಿಸಬೇಕು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯಾವ ವಿದ್ಯಾರ್ಥಿಯನ್ನೂ ಅವರು ಬಿಸಿಲಿಗೆ ಬಿಡುತ್ತಿರಲಿಲ್ಲ. ಪ್ರತಿ ಮನೆಯ ಬಾಗಿಲು ತಟ್ಟುವ ಮೊದಲು ಉಪ್ಪು ಹಾಕಿದ ಬಾರ್ಲಿ ನೀರನ್ನು ನಮ್ಮ ಗಂಟಲಿಗೆ ಹೊಯ್ದೇ ಒಳಗೆ ಕಳಿಸುತ್ತಿದ್ದರು. ನಮ್ಮಲ್ಲೊಬ್ಬಳ ಅಜ್ಜಿ ಅಂಥದೇ ತಾರಸಿ ಕೋಣೆಯಲ್ಲಿ ಒಂಟಿಯಾಗಿದ್ದಾರೆಂಬ ಸುದ್ದಿ ಹೇಗೋ ಕಿವಿಗೆ ಬಿದ್ದಾಗ, ತಾವೇ ಹೋಗಿ ಆ ಮುದುಕಿಯನ್ನು ಕರೆತಂದು ಮೂರು ವಾರ ತಮ್ಮ ಮನೆಯಲ್ಲಿಟ್ಟುಕೊಂಡರು. ಅಜ್ಜಿ ಹೋಗುವಾಗ, "ಊಟ ಚೆನ್ನಾಗಿತ್ತು, ಆದ್ರೆ ಈ ಹುಡುಗಿ ರಾತ್ರಿ ಹಗಲು ನನ್ನ ಮೂಗಿನ ಹತ್ರ ಕೈ ಹಿಡಿದು ಉಸಿರು ನೋಡ್ತಾಳಪ್ಪ," ಎಂದು ದೂರು ಹೇಳಿ ಹೋದರು.

ಇಷ್ಟು ಹೆದರುವವರು ಒಮ್ಮೆ, ಒಂದೇ ಒಂದು ಸಲ, ಹೆದರದೆ ಇದ್ದುಬಿಟ್ಟರು. ಈ ಲೇಖನ ಮುಖ್ಯವಾಗಿ ಅದರ ಬಗ್ಗೆ. ಅವರ ಅಪ್ಪಣೆ ಪಡೆದೇ ಇದನ್ನು ಬರೆಯಲಾಗಿದೆ. "ಹೊಗಳಿಕೆ ಎಷ್ಟು ಬೇಕಾದ್ರೂ ಕಡಿಮೆ ಮಾಡಿ, ಆದ್ರೆ ನೂತಿಗೋಲ್ ಬಿಡಬೇಡಿ," ಎಂದಿದ್ದಾರೆ.

ನೂತಿಗೋಲ್ ನಗರದಿಂದ ಒಂದು ಗಂಟೆ ದಾರಿಯ ಹಳ್ಳಿ. ಸುತ್ತ ಗುಡ್ಡ, ನಡುವೆ ಬಾಣಲೆಯ ತಳದಂಥ ಜಾಗ, ಗಾಳಿ ಒಳಗೆ ಬಂದರೆ ಹೊರಗೆ ಹೋಗುವ ದಾರಿ ಮರೆಯುತ್ತದೆ. ಎಲ್ಲ ಹಳ್ಳಿಗಳಲ್ಲಿರುವಂತೆ ಅಲ್ಲಿಯೂ ವಯಸ್ಸಾದವರು ಹಗಲು ಹೊತ್ತು ಸೇರುವ ಒಂದು ಹಿರಿಯರ ಮನೆ ಇದೆ. ಒಂದು ದೊಡ್ಡ ಕೋಣೆ, ಗೋಡೆಗೆ ಎಸಿ, ಹಿಂದೆ ಅಡುಗೆಮನೆ, ಹೊರಗೆ 'ಬೇಸಿಗೆಯ ಆಸರೆ ತಾಣ' ಎಂಬ ಹಸಿರು ಫಲಕ. ೨೦೧೪ರಲ್ಲಿ ಮೇಡಂ ನಮ್ಮನ್ನೆಲ್ಲ ಕಟ್ಟಿಕೊಂಡು, ಕೈಯಲ್ಲಿ ಎರಡು ಕಲ್ಲಂಗಡಿ ಹಿಡಿದು ಅಲ್ಲಿಗೆ ಹೋದರು. ಹತ್ತೊಂಬತ್ತು ಹೆಂಗಸರು ಕಾಲು ಚಾಚಿ, ಇಸ್ಪೀಟಿನಂಥ ಹ್ವಾತು ಎಲೆಯಾಟದಲ್ಲಿ ಮುಳುಗಿದ್ದರು. ಅವರಲ್ಲಿ ಹಿರಿಯವರು, ಹಿರಿಯರ ಮನೆಯ ಅಧ್ಯಕ್ಷೆ, ಎಂಬತ್ತೊಂಬತ್ತರ ತಾಕ್ ಪಿಲ್‌ನ್ಯೊ. ಊರಿಗೆಲ್ಲ ತಾಕ್ ಅಜ್ಜಿ.

"ದಿನಾ ಇಲ್ಲಿಗೆ ಬರ್ತೀರಾ ಅಜ್ಜಿ?" ಎಂದು ಮೇಡಂ ಕೇಳಿದರು.

"ಬರ್ದೆ ಇನ್ನೆಲ್ಲಿಗೆ ಹೋಗಾನ ಪ್ರೊಫೆಸರಮ್ಮ? ಗುಡ್ಡದ ಮೇಲೆ ಸಮಾಧಿ ಜಾಗ ರೆಡಿ ಐತೆ, ಆದ್ರೆ ಅಲ್ಲಿ ಎಸಿ ಹಾಕ್ಸಿಲ್ಲ," ಎಂದರು ತಾಕ್ ಅಜ್ಜಿ. ಹೆಂಗಸರೆಲ್ಲ ಎಲೆ ಕೆಳಗಿಟ್ಟು ನಕ್ಕರು.

ಕೋಣೆಯ ಉಷ್ಣಮಾಪಕ ಇಪ್ಪತ್ತಾರು ತೋರಿಸುತ್ತಿತ್ತು. ನಾವು ಹಾಜರಿ ಬರೆದುಕೊಂಡೆವು. ಮಧ್ಯಾಹ್ನಕ್ಕೆ ಹಿಂದಿನ ಬಾಗಿಲು ತೆರೆದು, ದೋ ಮಾಲ್‌ಸುನ್ ಎಂಬ ಎಪ್ಪತ್ತರ ಹೆಂಗಸು ಹಬೆಯಾಡುವ ಬಟ್ಟಲುಗಳನ್ನು ತಂದಿಟ್ಟರು. ಕೈಯಲ್ಲಿ ಕತ್ತರಿಸಿದ ಹಿಟ್ಟಿನ ಎಳೆಗಳ ಸಾರು, ಕಲ್‌ಗುಕ್ಸು. ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಪಾತ್ರೆ ತೊಳೆದು ಒದ್ದೆಯಾಗಿರಬೇಕೆಂದುಕೊಂಡೆವು. ಬಟ್ಟಲು ಇಟ್ಟು ಅವರು ಬಾಗಿಲು ಎಳೆದುಕೊಂಡು ಮತ್ತೆ ಒಳಗೆ ಹೋದರು. ಸಾರು ಬಹಳ ರುಚಿಯಾಗಿತ್ತು, ನಮ್ಮಲ್ಲಿ ಕೆಲವರು ಎರಡನೆಯ ಸಲ ಕೇಳಿ ಹಾಕಿಸಿಕೊಂಡೆವು.

ಆ ವರ್ಷದ ವರದಿ ಹೆಸರುವಾಸಿಯಾಯಿತು. ಊರಿನ ಯಾವ ಮನೆಯೂ ಆಸರೆ ತಾಣದಿಂದ ನೂರು ಹೆಜ್ಜೆಗಿಂತ ದೂರವಿಲ್ಲ, ಊರಿನ ಬಹುಪಾಲು ವೃದ್ಧೆಯರು ಬೇಗೆಯ ಹೊತ್ತನ್ನು ಅಲ್ಲೇ ಕಳೆಯುತ್ತಾರೆ, ಆದ್ದರಿಂದ ಇಲ್ಲಿ ಸಾವಿನ ಅಪಾಯ ಅತ್ಯಲ್ಪ ಎಂದು ಮೇಡಂ ಬರೆದರು. ಬೇರೆ ತಾಲೂಕುಗಳವರು ಬಂದು ನೋಡಿಕೊಂಡು ಹೋದರು, ಅವರೂ ಹಸಿರು ಫಲಕ ಹಾಕಿಸಿದರು. ಮೇಡಂ ಮರುವರ್ಷದ ಜುಲೈಯಲ್ಲಿ ಹೊಟ್ಟೆ ತುಂಬ ಉಂಡದ್ದನ್ನು ನಾವು ಕಣ್ಣಾರೆ ಕಂಡೆವು.

೨೦೧೬ರ ಆಗಸ್ಟಿನಲ್ಲಿ ದೋ ಮಾಲ್‌ಸುನ್ ತೀರಿಕೊಂಡರು. ಮಧ್ಯಾಹ್ನ ಎಲ್ಲರಿಗೂ ಅಡುಗೆ ಮಾಡಿ ಬಡಿಸಿ, ತಲೆ ಸುತ್ತುತ್ತಿದೆ ಎಂದು ಹೇಳಿ ಮನೆಗೆ ಹೋಗಿ ಮಲಗಿದವರು ಏಳಲಿಲ್ಲ. ಸಂಜೆ ಐದಕ್ಕೆ ಬೋಗುಣಿ ಹಿಂದಿರುಗಿಸಲು ಹೋದ ನೆರೆಮನೆಯ ಚು ಓಕ್‌ಬುನ್ ನೋಡಿದರು. ಮೈ ಆಗಲೂ ಬಿಸಿಯಿತ್ತಂತೆ.

ಮೇಡಂ ಸಾವಿನ ಮನೆಗೆ ಹೋದರು. ಬಾಗಿಲ ಬಳಿ ಚಪ್ಪಲಿಗಳನ್ನು ಜೋಡಿಸುತ್ತ ಕುಳಿತಿದ್ದ ಓಕ್‌ಬುನ್ ಅವರ ಪಕ್ಕದಲ್ಲೇ ಕುಸಿದು ಕುಳಿತು, "ಅವರು ದಿನಾ ಹಿರಿಯರ ಮನೆಗೆ ಬರ್ತಿದ್ರಲ್ಲ ಅಕ್ಕಾ. ನನ್ನ ಪಟ್ಟಿಯಲ್ಲಿ ಕ್ಷೇಮವಾಗಿರೋರ ಸಾಲಲ್ಲಿ ಇದ್ರು," ಎಂದರು.

"ಬರ್ತಿದ್ಲು. ಬಂದು ಎಲ್ಲಿರ್ತಿದ್ಲು ಅಂತ ಕೇಳಿದ್ರಾ?" ಓಕ್‌ಬುನ್ ತಲೆಯೆತ್ತಲಿಲ್ಲ. "ಅಡಿಗೆಮನೇಲಿ. ಮೂರು ಒಲೆ ಉರೀತಿರ್ತವೆ. ಬಾಗ್ಲು ಹಾಕ್ಕೊಳೇ, ತಂಪು ಹೋಗ್ತದೆ ಅಂತಾರೆ ಈಚೆ ಇರೋರು. ಅವಳು ಕಿರಿಯವಳು ಪ್ರೊಫೆಸರಮ್ಮ. ಹಿರಿಯರ ಮನೇಲಿ ಕಿರಿಯವಳು ಕೂತ್ಕೊಳ್ಳೋ ಹಂಗಿಲ್ಲ."

"ಎಪ್ಪತ್ತೆರಡು ವರ್ಷ ಆಗಿತ್ತಲ್ಲ ಅವರಿಗೆ!"

"ತೊಂಬತ್ತರ ಮುಂದೆ ಎಪ್ಪತ್ತೆರಡು ಸೊಸೆ ಲೆಕ್ಕ. ನಾನು ಅವಳಿಗಿಂತ್ಲೂ ಎರಡು ವರ್ಷ ಚಿಕ್ಕೋಳು. ಮಂಡಿ ಆಪರೇಷನ್ ಆಗೈತೆ ಅಂತ ನನ್ನ ಬಿಟ್ಟಿದ್ರು. ಈಗ ಹಾಳಾದ್ದು ಮಂಡಿ ವಾಸಿ ಆಗೋಯ್ತು. ನಾಳೆಯಿಂದ ನಾನೇ."

"ಹೋಗಬೇಡಿ ಅಕ್ಕಾ. ಕಾಲು ಹಿಡ್ಕೋತೀನಿ, ಹೋಗಬೇಡಿ."

"ಹೋಗ್ದಿದ್ರೆ ಊರಲ್ಲಿ ಬಾಳೋದು ಹೆಂಗೆ? ಚಳಿಗಾಲಕ್ಕೆ ಕಿಮ್ಚಿ ಉಪ್ಪಿನಕಾಯಿ ಹಾಕೋ ದಿನ ನನ್ನ ಮನೆ ಅಂಗಳಕ್ಕೆ ಯಾರು ಬರ್ತಾರೆ? ನಾನು ಸತ್ರೆ ಯಾರು ನೋಡ್ತಾರೆ?"

ಅಲ್ಲಿಂದ ಮೇಡಂ ನೆಟ್ಟಗೆ ಹಿರಿಯರ ಮನೆಯ ಅಡುಗೆಮನೆಗೆ ಹೋಗಿ, ಎರಡು ವರ್ಷ ಮೊದಲೇ ತೂಗಬೇಕಾಗಿದ್ದ ಉಷ್ಣಮಾಪಕವನ್ನು ಅಲ್ಲಿ ತೂಗುಹಾಕಿದರು. ಮರುದಿನ ಒಲೆ ಉರಿಯುವ ಹೊತ್ತಿಗೆ ಅದು ನಲವತ್ತಾರು ತೋರಿಸಿತು. ಬಾಗಿಲಿನ ಈಚೆ ಇಪ್ಪತ್ತಾರು, ಆಚೆ ನಲವತ್ತಾರು, ನಡುವೆ ಇದ್ದದ್ದು ಒಂದು ಅಂಗುಲದ ಹಲಗೆ.

ಮೇಡಂ ತಮ್ಮ ವರದಿಯನ್ನು ತಾವೇ ಹಿಂತೆಗೆದುಕೊಂಡರು. ಸಹೋದ್ಯೋಗಿಗಳು ಬೇಡವೆಂದರು, ಒಂದು ಸಾಲಿನ ತಿದ್ದುಪಡಿ ಸಾಕೆಂದರು, ವಿಭಾಗದ ಮಾನ ಏನಾಗಬೇಕೆಂದರು. ಅವರು ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಹಿಂತೆಗೆತದ ಆ ಪುಟದಲ್ಲಿ ಅವರು ಬರೆದದ್ದು ನಮಗೆ ಬಾಯಿಪಾಠವಾಗಿದೆ: "ಹಾಜರಿಯನ್ನೇ ನಾವು ತಂಪೆಂದು ತಿಳಿದೆವು. ದೋ ಮಾಲ್‌ಸುನ್ ಅವರು ಆ ಅಡುಗೆಮನೆಯಲ್ಲಿ ಬೇಯಿಸಿದ ಊಟವನ್ನು ಉಂಡು, ಅವರನ್ನು ಕ್ಷೇಮವಾಗಿರುವವರೆಂದು ಬರೆದುಕೊಂಡೆವು." ಅಚ್ಚಾದ ದಿನ ಅವರ ಕೋಣೆಯ ಮುಂದೆ ಹಾಯಲು ನಮಗೆ ಧೈರ್ಯ ಬರಲಿಲ್ಲ. ಎರಡನೆಯ ಬಟ್ಟಲು ಕೇಳಿದವರು ನಾವು.

ಹಿಂತೆಗೆತದಿಂದ ಓಕ್‌ಬುನ್ ಅವರಿಗೆ ಆದ ಉಪಕಾರ ಏನೂ ಇಲ್ಲ. ಅವರು ಆಗಲೇ ಒಲೆಗಳ ಮುಂದೆ ನಿಂತಿದ್ದರು. ಇನ್ನೊಂದು ಬೇಸಿಗೆಯೊಳಗೆ ಅವರನ್ನು ಅಲ್ಲಿಂದ ಈಚೆ ತರಬೇಕು, ಇಲ್ಲವಾದರೆ ಎರಡನೆಯ ಸಾವೂ ತಮ್ಮ ಲೆಕ್ಕಕ್ಕೇ ಎಂದು ಮೇಡಂ ನಂಬಿಬಿಟ್ಟರು. ೨೦೧೭ರಲ್ಲಿ ಏಳು ಸಲ ನೂತಿಗೋಲ್‌ಗೆ ಹೋದರು. ಬೇಸಿಗೆಯಲ್ಲಿ ಅಡುಗೆಗೆ ಹೊರಗಿನಿಂದ ಒಬ್ಬಾಕೆಯನ್ನು ಗೊತ್ತು ಮಾಡಬಹುದಲ್ಲ ಎಂದು ತಾಕ್ ಅಜ್ಜಿಯ ಮುಂದೆ ಮಂಡಿಯೂರಿ ಕೇಳಿದರು.

"ಹೊರಗಿನೋಳು ನಮ್ಮ ಒಲೆ ಮುಟ್ಟೋದಾ?" ಎಂದರು ತಾಕ್ ಅಜ್ಜಿ. "ನಾನು ಈ ಊರಿಗೆ ಹದಿನೆಂಟಕ್ಕೆ ಬಂದೋಳು. ನಲವತ್ತು ವರ್ಷ ಹೊಗೆ ಕುಡಿದಿದೀನಿ. ನಾನು ಸತ್ನಾ? ಆ ಓಕ್‌ಬುನ್‌ಗೆ ಏನ್ ದಾಡಿ? ಇವತ್ತು ನಾನು ಅವಳನ್ನ ಕೂರಿಸಿದ್ರೆ ನಾಳೆ ನನ್ನ ಬಟ್ಲು ನಾನೇ ತೊಳೀಬೇಕಾಯ್ತದೆ."

"ಮಾಲ್‌ಸುನಕ್ಕ ಸತ್ತರಲ್ಲ ಅಜ್ಜಿ."

"ಅವಳ ಆಯಸ್ಸು ಅಷ್ಟೇ ಇತ್ತು," ಎಂದು ಅಜ್ಜಿ ಎಲೆ ಎತ್ತಿಕೊಂಡರು. ಆದರೆ ಎತ್ತಿಕೊಂಡದ್ದು ಪಕ್ಕದವರ ಎಲೆಗಳನ್ನು ಎಂದು ಮೇಡಂ ಆಮೇಲೆ ನಮಗೆ ಹೇಳಿದರು. ತೊಂಬತ್ತೆರಡರಲ್ಲಿ ಎಲೆ ತಪ್ಪುವುದಕ್ಕೆ ಬೇರೆ ಕಾರಣ ಬೇಕಿಲ್ಲ ಎಂದು ನಾವು ಸಮಾಧಾನ ಹೇಳಿದೆವು.

ಆಮೇಲೆ ೨೦೧೮ ಬಂತು. ಆ ಬೇಸಿಗೆಯನ್ನು ಕಂಡವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಜುಲೈ ನಡುವಿನಿಂದ ಮೇಡಂ ದಿನಕ್ಕೆ ಮೂರು ಹೊತ್ತು ಓಕ್‌ಬುನ್ ಅವರಿಗೆ ಫೋನು ಮಾಡುತ್ತಿದ್ದರು. ಆಗಸ್ಟಿನ ಮೊದಲ ವಾರ ನಮ್ಮಲ್ಲೇ ಅಂತರರಾಷ್ಟ್ರೀಯ ಸಮ್ಮೇಳನ, ಆರಂಭದ ಉಪನ್ಯಾಸ ಮೇಡಂ ಅವರದೇ. ಹತ್ತೂವರೆಗೆ ವೇದಿಕೆ ಹತ್ತುವ ಮೊದಲು ಪಡಸಾಲೆಯಲ್ಲಿ ನಿಂತು ಅವರು ಫೋನು ಹಚ್ಚಿದರು.

"ಹಿರಿಯರ ಮನೇಲೇ ಇದೀನಿ ಪ್ರೊಫೆಸರಮ್ಮ. ತಂಪಾಗೈತೆ. ನೀವು ನಿಮ್ಮ ಭಾಷಣ ಮಾಡ್ಕಳಿ," ಎಂದಿತು ಆ ಕಡೆಯ ದನಿ.

ಆ ದನಿಯ ಹಿಂದೆ ಪಾತ್ರೆಯ ಮುಚ್ಚಳ ಕುಣಿಯುವ ಸದ್ದು ಮೇಡಂ ಅವರಿಗೆ ಕೇಳಿಸಿತು. ಅವರು ಹಿರಿಯರ ಮನೆಯ ಫೋನಿಗೆ ಮಾಡಿದರು. ಯಾರೋ ಎತ್ತಿಕೊಂಡರು, ಟಿವಿಯ ಹಾಡಿನ ಅಬ್ಬರದ ನಡುವೆ, "ಓಕ್‌ಬುನಾ? ಒಳಗೆ ಅಡಿಗೆ ಮಾಡ್ತಾವ್ಳೆ, ಇನ್ನೇನ್ ಮಾಡ್ತಾಳೆ," ಎಂದರು.

"ದಯವಿಟ್ಟು ಬಾಗಿಲು ತೆಗೆದು ಒಂದ್ಸಲ ನೋಡಿ."

"ನೋಡ್ತೀವಿ ಬುಡಿ, ಈ ಆಟ ಒಂದು ಮುಗೀಲಿ."

ನಾಲ್ಕು ದೇಶಗಳ ಪ್ರತಿನಿಧಿಗಳು ಕುಳಿತಿದ್ದ ಸಭಾಂಗಣಕ್ಕೆ ಬೆನ್ನು ಹಾಕಿ ಮೇಡಂ ಕಾರಿನ ಕಡೆ ನಡೆದರು. ನಮ್ಮಲ್ಲಿ ಇಬ್ಬರು ಹಿಂದೆ ಓಡಿದೆವು. ದಾರಿಯುದ್ದಕ್ಕೂ ರಸ್ತೆಯ ಡಾಂಬರು ನೀರಿನಂತೆ ಹೊಳೆಯುತ್ತಿತ್ತು, ಗದ್ದೆಗಳಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಮೇಡಂ ಹತ್ತು ನಿಮಿಷಕ್ಕೊಮ್ಮೆ ಫೋನು ಮಾಡುತ್ತ, ಓಕ್‌ಬುನ್ ಅವರು "ಚೆನ್ನಾಗಿದೀನಿ" ಎಂದರೆ ಒಂದು ಕ್ಷಣ ಕಣ್ಣು ಮುಚ್ಚಿಕೊಳ್ಳುತ್ತ ಕುಳಿತಿದ್ದರು. ಇನ್ನು ಹದಿನೈದು ನಿಮಿಷದ ದಾರಿ ಇದೆ ಎನ್ನುವಾಗ ಅವರು ಫೋನನ್ನು ನಮಗೂ ಕೇಳುವಂತೆ ಹಿಡಿದರು.

"ಸಾರಿಗೆ ಎಳೆ ಹಾಕಿದೀನಿ," ಎನ್ನುತ್ತಿತ್ತು ದನಿ, ನಾಲಗೆ ದಪ್ಪವಾದಂತೆ, ಬಹಳ ನಿಧಾನವಾಗಿ. "ಮಾಲ್‌ಸುನಕ್ಕ ಬಂದವ್ಳೆ. ಇಲ್ಲೇ ಬಾಗ್ಲತ್ರ ನಿಂತವ್ಳೆ. ಸಾಕು ಬಾ ಅಂತಾವ್ಳೆ. ನಾನು... ಬಟ್ಲು ಇಟ್ಟು ಬರ್ತೀನಿ ಅಂದೆ."

ಆಮೇಲೆ ಏನೋ ಉರುಳಿದ ಸದ್ದು, ಅದರ ಮೇಲೆ ನೀರು ಕುದಿಯುವ ಸದ್ದು. ಮೇಡಂ ಆಂಬುಲೆನ್ಸಿಗೆ ಮಾಡಿದರು. ಗಾಡಿಗಳೆಲ್ಲ ಹೊರಗಿವೆ, ಒಂದನ್ನು ತಿರುಗಿಸಿ ಕಳಿಸುತ್ತೇವೆ ಎಂದರು. ಹಿರಿಯರ ಮನೆಯ ಫೋನು ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಕಾರು ಓಡಿಸುತ್ತಿದ್ದ ನಮ್ಮವನು ಎರಡು ಸಲ ತಪ್ಪಿ ಬ್ರೇಕು ಒತ್ತಿದ, ಗಾಡಿ ಮುಗ್ಗರಿಸಿತು. ಮೇಡಂ ಬೈಯಲಿಲ್ಲ. ಅವರ ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆಯೇನೋ ಎಂದುಕೊಂಡೆವು. ಕಿವಿಗೊಟ್ಟರೆ ಅದು ತಮ್ಮದೇ ವರದಿಯ ಸಾಲು, ಸಾವಿನ ಅಪಾಯ ಅತ್ಯಲ್ಪ, ಅತ್ಯಲ್ಪ, ಅತ್ಯಲ್ಪ.

ಹಿರಿಯರ ಮನೆಯೊಳಕ್ಕೆ ಮೇಡಂ ಬೂಟು ಕಳಚದೆ ನುಗ್ಗಿದರು. ಅದು ಎಂಥ ಅಪಚಾರವೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ತಣ್ಣನೆಯ ಕೋಣೆಯಲ್ಲಿ ಹಾಸಿದ್ದ ಎಲೆಗಳನ್ನು ಬೂಟುಗಾಲಲ್ಲೇ ತುಳಿದುಕೊಂಡು ಹೋಗಿ ಹಿಂದಿನ ಬಾಗಿಲು ತೆರೆದರು. ಒಲೆಗೂ ಬಚ್ಚಲಿಗೂ ನಡುವೆ ಓಕ್‌ಬುನ್ ಬಿದ್ದಿದ್ದರು. ಉಕ್ಕಿದ ಸಾರು ನೆಲದ ಮೇಲೆ ಹರಿದಿತ್ತು. ಚರ್ಮ ಒಣಗಿ, ಮುಟ್ಟಿದರೆ ಸುಡುತ್ತಿತ್ತು. ಹೊಸ್ತಿಲು ದಾಟಿಸಿ ಎಳೆದು ತಂದು ಎಸಿಯ ಕೆಳಗೆ ಮಲಗಿಸಿದೆವು. ಕಿಮ್ಚಿ ಇಡುವ ತಂಪುಪೆಟ್ಟಿಗೆಯಲ್ಲಿದ್ದ ಕಲ್ಲಂಗಡಿಯನ್ನು ನೆಲಕ್ಕೆ ಅಪ್ಪಳಿಸಿ ಒಡೆದು, ಆ ಹೋಳುಗಳನ್ನು ಓಕ್‌ಬುನ್ ಅವರ ಕತ್ತಿಗೆ, ಕಂಕುಳಿಗೆ ಮೇಡಂ ಒತ್ತಿದರು. ಆಗ, ಹಾಗೇ ಕುಕ್ಕರಗಾಲಲ್ಲಿ ಕುಳಿತಿದ್ದಂತೆಯೇ, ತಾಕ್ ಅಜ್ಜಿಯ ಕಡೆ ತಿರುಗಿ ಕಿರುಚಿದರು.

"ಬಾಗಿಲು ತೆಗೀ ಅಂತ ಹೇಳಿದ್ನಲ್ಲ! ಕಿವಿ ಇರಲಿಲ್ವಾ ನಿಂಗೆ? ಇನ್ನೆಷ್ಟು ಜನ ಬೇಕು ನಿಂಗೆ?"

ತೊಂಬತ್ತಮೂರರ ಹಿರಿಯರಿಗೆ ಏಕವಚನ. ಯಾರೋ ಟಿವಿ ಆರಿಸಿದರು. ತಾಕ್ ಅಜ್ಜಿ ಕೈಯಲ್ಲಿದ್ದ ಎಲೆಗಳನ್ನು ಒಂದೊಂದಾಗಿ ಕೆಳಗಿಟ್ಟರು. ಆಂಬುಲೆನ್ಸು ಬರಲು ಇನ್ನೂ ಒಂಬತ್ತು ನಿಮಿಷ ಹಿಡಿಯಿತು.

ಓಕ್‌ಬುನ್ ಬದುಕಿದರು. ಮೂರು ವಾರದ ಆಸ್ಪತ್ರೆಯ ನಂತರ, ನಡಿಗೆಯಲ್ಲಿ ಚೂರು ಓಲಾಟ ಉಳಿದದ್ದು ಬಿಟ್ಟರೆ ಮೊದಲಿನಂತೆಯೇ ಆದರು. ಆ ಬೇಸಿಗೆ ಮಾತ್ರ ಅವರ ನೆನಪಿನಿಂದ ಪೂರ್ತಿ ಅಳಿಸಿಹೋಗಿತ್ತು. ಅದೊಂದು ಪುಣ್ಯವೆಂದು ನಾವೆಲ್ಲ ಅಂದುಕೊಂಡೆವು, ಮೇಡಂ ಕೂಡ.

ಹಾಗೆ ಕಿರುಚಿದ ಎರಡು ದಿನಕ್ಕೆ ಮೇಡಂ ಕ್ಷಮೆ ಕೇಳಲು ಹೋಗಿ ತಾಕ್ ಅಜ್ಜಿಯ ಮುಂದೆ ಹಣೆ ನೆಲಕ್ಕೆ ಮುಟ್ಟಿಸಿದರು. ಅಜ್ಜಿ ಹೇಳಿದರು: "ನನ್ನನ್ನ ಹಂಗೆ ನೀನು ತಾನು ಅಂತ ಗದರಿದೋಳು ನಮ್ಮತ್ತೆ ಒಬ್ಳೇ. ಅವಳು ಹೋಗಿ ಐವತ್ತು ವರ್ಷ ಆಯ್ತು. ಅವಳೂ ಬಾಗ್ಲು ಹಾಕ್ಸೋಳು ಕಣವ್ವ. ಚಳಿಗಾಲದಲ್ಲಿ ಈ ಕಡೆ ಬೆಚ್ಚಗೆ, ನಾನು ಆ ಕಡೆ ಮಂಜುಗಡ್ಡೆ ನೀರಲ್ಲಿ. ಅವತ್ತು ಅವಳು ಸಾಯ್ಲಿ ಅಂತ ಬೇಡ್ಕೋತಿದ್ದೆ." ಆಮೇಲೆ ಊರ ಮುಖಂಡನನ್ನು ಕರೆಸಿ, "ಆ ಬಾಗ್ಲು ಕೀಳ್ಸು. ಬೆಂದ್ರೆ ಎಲ್ರೂ ಬೇಯಾಣ," ಎಂದರು. ಕೀಲು ಬಿಚ್ಚಿದ ಬಾಗಿಲು ಹಿಂದಿನ ಕೊಟ್ಟಿಗೆ ಸೇರಿತು. ಬೇಗೆಯ ಎಚ್ಚರಿಕೆ ಬಂದ ದಿನ ಒಲೆ ಹಚ್ಚುವಂತಿಲ್ಲ, ತಣ್ಣನೆಯ ಅನ್ನ, ಉಪ್ಪಿನಕಾಯಿ, ಅಷ್ಟೇ ಎಂದು ಗೋಡೆಯ ಮೇಲೆ ಬರೆಸಿದರು. ೨೦೨೧ರಲ್ಲಿ, ತೊಂಬತ್ತಾರರಲ್ಲಿ, ಅಜ್ಜಿ ನಿದ್ದೆಯಲ್ಲೇ ತೀರಿಕೊಂಡರು. ಅವರ ಶವದ ಮುಂದೆ ಮೇಡಂ ಅತ್ತಷ್ಟು ಅವರ ಸ್ವಂತ ಸೊಸೆಯಂದಿರು ಅಳಲಿಲ್ಲ.

ಮುಂದಿನ ಕೆಲಸವೆಲ್ಲ ಓದುಗರಿಗೆ ಗೊತ್ತಿರುವಂಥದು. ಆಸರೆ ತಾಣಗಳ ಅಡುಗೆಮನೆಗಳನ್ನು ಕುರಿತ ಮೇಡಂ ಅವರ ಅಧ್ಯಯನ, ಇನ್ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಅವರು ತೆರೆದು ನೋಡಿದ ಬಾಗಿಲುಗಳು, ಪ್ರತಿಯೊಂದರ ಹಿಂದೆ ಒಬ್ಬ 'ಕಿರಿಯವಳು', ಅವರಲ್ಲಿ ಎಪ್ಪತ್ತು ದಾಟಿದವರೇ ಹೆಚ್ಚು. ಅತಿರೇಕದ ಹವೆ ಎಲ್ಲರ ಮೇಲೂ ಒಂದೇ ಸಮನೆ ಬೀಳುತ್ತದೆಂಬ ಮಾತನ್ನು ನಮ್ಮ ಕ್ಷೇತ್ರದಲ್ಲಿ ಇಂದು ಯಾರೂ ಆಡುವುದಿಲ್ಲ. ಆಡದಂತೆ ಮಾಡಿದವರು ಅವರು.

ಇಲ್ಲಿಗೆ ಈ ಲೇಖನವನ್ನು ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಕಳೆದ ಜುಲೈಯಲ್ಲಿ, ನಿವೃತ್ತಿಗೆ ಆರು ವಾರ ಇರುವಾಗ, ಎಲ್ಲರಿಗೂ ಹೋಗಿಬರುತ್ತೇನೆಂದು ಹೇಳಿಬರಲು ಮೇಡಂ ನಮ್ಮನ್ನು ಕರೆದುಕೊಂಡು ನೂತಿಗೋಲ್‌ಗೆ ಹೋದರು. ಎಚ್ಚರಿಕೆ ಹೊರಡಿಸಿದ್ದ ದಿನ. ಹಿರಿಯರ ಮನೆ ಹಿತವಾಗಿ ತಣ್ಣಗಿತ್ತು. ಎಸಿಯ ನೇರ ಕೆಳಗೆ, ತಾಕ್ ಅಜ್ಜಿ ಕೂರುತ್ತಿದ್ದ ಜಾಗದಲ್ಲಿ, ಈಗಿನ ಅಧ್ಯಕ್ಷೆ ಓಕ್‌ಬುನ್ ಕುಳಿತಿದ್ದರು. ಎಪ್ಪತ್ತೊಂಬತ್ತು ವಯಸ್ಸು, ಕೆಂಪು ಕೆನ್ನೆ, ಕೈ ತುಂಬ ಎಲೆ. ಮೇಡಂ ಅವರನ್ನು ಕಂಡು ಬಾಯ್ತುಂಬ ನಕ್ಕರು. ಗೋಡೆಯ ಬರಹದ ಮೇಲೆ ಕ್ಯಾಲೆಂಡರು ತೂಗುತ್ತಿತ್ತು. ಹಿಂದೆ ಬಾಗಿಲಿತ್ತು.

ಕೊಟ್ಟಿಗೆಯಿಂದ ತಂದು, ಬಣ್ಣ ಬಳಿಸಿ, ಹೊಸ ಕೀಲು ಹಾಕಿಸಿದ್ದರು. ಮೇಡಂ ಅದನ್ನೇ ನೋಡುತ್ತ ನಿಂತರು.

"ಇದನ್ನ ಹಾಕ್ಸಿದ್ದು ಯಾರು ಅಕ್ಕಾ?"

"ನಾನೇ. ತಂಪೆಲ್ಲ ಸುಮ್ನೆ ಹೋಗ್ತಿತ್ತು."

"ಅಕ್ಕಾ, ಇದರ ಹಿಂದೆ ಬಿದ್ದಿದ್ದೋರು ನೀವು."

"ಎಲ್ರೂ ಅದನ್ನೇ ಹೇಳ್ತಾರೆ," ಎಂದು ಓಕ್‌ಬುನ್ ನಕ್ಕರು. "ನಂಗಂತೂ ಏನೂ ನೆಪ್ಪಿಲ್ಲ. ನೀವು ಒಂದಕ್ಕೆ ಹತ್ತು ಮಾಡ್ತೀರ ಬುಡಿ, ನಿಮ್ಮ ಗಾಬ್ರಿ ನಂಗೆ ಗೊತ್ತಿಲ್ವಾ?"

ಮೇಡಂ ಬಾಗಿಲು ತೆರೆದರು. ಹಬೆ ಮುಖಕ್ಕೆ ಹೊಡೆಯಿತು. ಗಂಡ ತೀರಿದ ಮೇಲೆ ನಗರದಿಂದ ಈ ಊರಿಗೆ ಬಂದು ನೆಲೆಸಿರುವ ಯಾಂಗ್ ಜಂಗ್‌ಏ ಎಂಬವರು, ಎಪ್ಪತ್ತು ತುಂಬಿದವರು, ಮೂರು ಒಲೆಗಳ ಮುಂದೆ ಸೌಟು ಹಿಡಿದು ನಿಂತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಹೊರಗೆ ಬನ್ನಿ ಎಂದರೆ, "ಪರವಾಗಿಲ್ಲ ಮೇಡಂ, ನಾನೇ ಅಲ್ವಾ ಕಿರಿಯವಳು, ಅಭ್ಯಾಸ ಆಗೋಗಿದೆ," ಎಂದರು. ಕಣ್ಣು ಮಾತ್ರ ಎಲ್ಲಿಯೂ ನಿಲ್ಲುತ್ತಿರಲಿಲ್ಲ.

ಒಲೆ ಆರಿಸಲು ಹೋದ ಮೇಡಂ ಅವರ ಕೈಯನ್ನು ಆ ತಾಯಿ ಹೆದರಿ ಹಿಡಿದುಕೊಂಡರು. ಅವರಿಗೂ ಈ ಊರಲ್ಲೇ ಬಾಳಬೇಕು. ಮೇಡಂ ಒಂದು ಗಳಿಗೆ ಆ ಕಡೆ ನೋಡಿದರು, ಈ ಕಡೆ ನೋಡಿದರು. ಆಮೇಲೆ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟರು, ಬೆನ್ನು ಬಾಗಿಲಿಗೆ ಆನಿಸಿ, ಒಂದು ಕಾಲು ತಂಪಿನ ಕಡೆ, ಒಂದು ಕಾಲು ಒಲೆಯ ಕಡೆ.

"ಅಯ್ಯೋ, ಹೊಸ್ತಿಲ ಮೇಲೆ ಕೂರಬಾರದು ಪ್ರೊಫೆಸರಮ್ಮ, ಅನಿಷ್ಟ!" ಎಂದು ಓಕ್‌ಬುನ್ ಕೂಗಿದರು. "ಏಳಿ, ಬಾಗ್ಲು ಹಾಕಿ, ತಂಪು ಹೋಗ್ತದೆ!"

ಅರವತ್ತೈದರ ಮೇಡಂ ಏಳಲಿಲ್ಲ. ಹೆಂಗಸರು ಗೊಣಗಿದರು, ಎಸಿ ಗುರುಗುಟ್ಟಿತು, ಜಂಗ್‌ಏ ಅವರ ಮುಖದ ಕೆಂಪು ಮೆಲ್ಲಗೆ ಇಳಿಯಿತು. ಅಡುಗೆ ಮುಗಿದು, ಕೊನೆಯ ಬಟ್ಟಲು ತೊಳೆದು, ಜಂಗ್‌ಏ ಈಚೆ ಬಂದು ಕೂರುವವರೆಗೆ ಎರಡು ಗಂಟೆ ಕಾಲ ಮೇಡಂ ಅಲ್ಲೇ ಇದ್ದರು. ಅಂದಿನಿಂದ ಈ ಬರಹ ಅಚ್ಚಿಗೆ ಹೋಗುವ ದಿನದವರೆಗೂ, ಎಚ್ಚರಿಕೆ ಬಂದಾಗಲೆಲ್ಲ ಅವರು ಬೆಳಗ್ಗೆಯೇ ಬಸ್ಸು ಹತ್ತಿ ಹೋಗಿ ಅಲ್ಲಿ ಕುಳಿತು ಬರುತ್ತಿದ್ದಾರೆ.

ಇಂಥ ಗ್ರಂಥಗಳ ಕೊನೆಯಲ್ಲಿ ದೀರ್ಘಾಯುಷ್ಯವನ್ನೂ ಆರೋಗ್ಯವನ್ನೂ ಕೋರುವುದು ವಾಡಿಕೆ. ನಾವೂ ಕೋರುತ್ತೇವೆ, ವಾಡಿಕೆಗಾಗಿ ಅಲ್ಲ, ಹೆದರಿ. ಪ್ರೊ. ಪ್ಯೋ ಇನ್‌ಸುಕ್ ಅವರು ನೂರು ಬೇಸಿಗೆ ಬಾಳಲಿ, ಅವರ ಬೆನ್ನು ಗಟ್ಟಿಯಾಗಿರಲಿ, ಮಂಡಿ ನೋಯದಿರಲಿ. ಅವರು ಎದ್ದರೆ ಆ ಬಾಗಿಲು ಮುಚ್ಚುತ್ತದೆ.